ಕೆಂಡದ ಗಾಳಿಗೆ ಹಾಕಿದ ಸೊನ್ನೆ

ಕ್ವೆಂಕಾದ ನಮ್ಮ ವಾಹನ ತಪಾಸಣೆ ಕೇಂದ್ರದಲ್ಲಿ ಹೊಗೆ ಅಳೆಯುವವಳು ನೆಲಿಡಾ ಕಿಶ್ಪೆ. ಪಕ್ಕದ ಸಾಲಿನಲ್ಲಿ ಬ್ರೇಕ್ ನೋಡುವವನು ನಾನು. ಹತ್ತೊಂಬತ್ತು ವರ್ಷ ಜತೆಗಿದ್ದರೂ ಬೆಳಗ್ಗೆ ಆಕೆ ಮೊದಲು ಮಾತಾಡಿಸುವುದು ನನ್ನನ್ನಲ್ಲ, ಆ ಯಂತ್ರವನ್ನು. ಅದಕ್ಕೆ ಮೊದಲು ಶುದ್ಧ ಗಾಳಿ ಕುಡಿಸಿ ಸೊನ್ನೆ ತೋರಿಸಬೇಕು. ಆಮೇಲೆ ಸಿಲಿಂಡರಿನ ಅನಿಲ ಕುಡಿಸಿ, ಅದರ ಮೇಲೆ ಬರೆದ ಅಂಕಿಯನ್ನೇ ಹೇಳಿಸಬೇಕು. ಅದಕ್ಕೆ ನಾವು ಸ್ಪ್ಯಾನ್ ಎನ್ನುತ್ತೇವೆ. ಎರಡೂ ಸರಿ ಬಂದರಷ್ಟೇ ಗೇಟು ತೆಗೆಯುತ್ತಾಳೆ.

"ಇದು ಸುಳ್ಳು ಕಲಿತರೆ ನನ್ನ ಮಾಜಿ ಗಂಡನೇ ಆಗ್ಬಿಡತ್ತೆ" ಎಂದು ನಗುತ್ತಾಳೆ.

ನಮ್ಮ ಬೆಟ್ಟದೂರಿಗೆ ಜೂನ್ ಎಂದರೆ ಚಳಿಗಾಲ, ಆ ಬೆಳಗ್ಗೆಯಂತೂ ಮೈ ಕೊರೆಯುವ ಚಳಿ. ಉಮಿತಾ ಎಂಬ ಜೋಳದ ಕಡುಬು ಮಾರುವ ರೊಸೌರಾ ಗಾಳಿಗೆ ಮರೆಯಾಗಲೆಂದು ತನ್ನ ಕೆಂಡದ ಒಲೆಯನ್ನು ನಮ್ಮ ಕಿಟಕಿಯ ಕೆಳಗೆ ತಂದಿಟ್ಟಳು. ನಾವೆಲ್ಲ ಕೈ ಕಾಯಿಸಿಕೊಂಡೆವು. ಯಂತ್ರ ಗಾಳಿ ಎಳೆದುಕೊಳ್ಳುವ ಕೊಳವೆ ಅದೇ ಕಿಟಕಿಯಲ್ಲಿದೆ ಎಂಬುದು ಯಾರ ತಲೆಗೂ ಹೊಳೆಯಲಿಲ್ಲ. ನೆಲಿಡಾ ಸೊನ್ನೆ ಹಾಕಿದಳು. ಸ್ಪ್ಯಾನ್ ಕೂದಲೆಳೆಯಷ್ಟು ಕಡಿಮೆ ಬಂತು, ಆದರೆ ಮಿತಿಯೊಳಗೇ ಇತ್ತು. ಬಾಯಲ್ಲಿ ಉಮಿತಾ ಇಟ್ಟುಕೊಂಡೇ ಗೇಟು ತೆಗೆದಳು.

ಮೊದಲು ಬಂದದ್ದು ಅಬ್ದೋನ್ ಗುವಾಮಾನನ ಶಾಲಾ ವ್ಯಾನು. ಅವನ ಮಗಳು ಯಾದಿರಾಳ ಜ್ಞಾನಸ್ನಾನದಲ್ಲಿ ಮಗುವನ್ನು ಎತ್ತಿಕೊಂಡು ಧರ್ಮತಾಯಿಯಾದವಳು ನೆಲಿಡಾ. ಅಂದಿನಿಂದ ಅವನು ಕೊಂಪಾದ್ರೆ, ಈಕೆ ಕೊಮಾದ್ರೆ, ಅಂದರೆ ಮಗುವಿಗೆ ಜತೆ ತಂದೆ, ಜತೆ ತಾಯಿ. ಒಂಟಿ ಹೆಂಗಸಿಗೆ ಬಂಧು ಬಳಗವೆಂದರೆ ಆ ಮನೆ ಒಂದೇ. ಪ್ರತಿ ಭಾನುವಾರ ಊಟ ಅಲ್ಲೇ. ವ್ಯಾನು ಅಂಚಿನಲ್ಲಿ ಪಾಸಾಯಿತು.

"ನೋಡಿದ್ರಾ ಕೊಮಾದ್ರೆ, ನನ್ನ ಮುದುಕಿಗೆ ಇನ್ನೂ ಉಸಿರು ಗಟ್ಟಿ!" ಎಂದು ಅಬ್ದೋನ್ ಪಾಸಾದ ಸ್ಟಿಕರ್ ಅಂಟಿಸಿಕೊಂಡು ಹೋದ.

ಅವನು ಹೋದಮೇಲೆ ನೆಲಿಡಾ ಕಿಟಕಿಯಿಂದ ಇಣುಕಿದಳು. ಕೊಳವೆಯ ನೇರ ಕೆಳಗೆ ಒಲೆ.

"ಅಯ್ಯೋ, ಕೆಂಡದ ಗಾಳಿಗೆ ಸೊನ್ನೆ ಹಾಕ್ಬಿಟ್ಟೆ!"

ವಿಷಗಾಳಿಯನ್ನೇ ಶುದ್ಧವೆಂದು ನಂಬಿದ ಯಂತ್ರ ಆಮೇಲೆ ಎಲ್ಲವನ್ನೂ ಕಡಿಮೆಯಾಗಿಯೇ ತೋರಿಸುತ್ತದೆ. ಒಲೆ ಎತ್ತಿಸಿ, ಮತ್ತೆ ಸೊನ್ನೆ ಹಾಕಿದಳು.

"ಒಂದೇ ವ್ಯಾನು ತಾನೇ? ಬಿಟ್ಟಾಕು, ಯಾರಿಗೆ ಗೊತ್ತಾಗತ್ತೆ" ಎಂದೆ. ಹಾಗೆ ಅಂದದ್ದಕ್ಕೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ.

"ಅದರಲ್ಲಿ ಹದಿನಾಲ್ಕು ಮಕ್ಕಳು ಕೂರ್ತಾರೆ ಕಣೋ" ಎಂದು ಫೋನ್ ಎತ್ತಿದಳು.

ಅಬ್ದೋನ್ ಮರಳಿ ಬಂದ. ವ್ಯಾನು ಈ ಸಲ ಫೇಲಾಯಿತು. ಸಾಲಿನಲ್ಲಿ ನಿಂತ ಟ್ಯಾಕ್ಸಿಯವರೆಲ್ಲ ನೋಡುತ್ತಿರುವಾಗ ನೆಲಿಡಾ ಸ್ಟಿಕರ್ ಕೆರೆದು ತೆಗೆದಳು.

"ಇಷ್ಟು ಜನರ ಮುಂದೆ ನನ್ನ ಮರ್ಯಾದೆ ತೆಗೀತೀರಾ, ಕೊಮಾದ್ರೆ?"

"ಬೆಳಗ್ಗೆ ಪಾಸ್ ಮಾಡಿದ್ದು ನನ್ನ ತಪ್ಪು, ಒಲೆ ಗಾಳಿಗೆ ಸೊನ್ನೆ ಹಾಕಿದ್ದೆ. ನಿಮ್ಮ ಕಾಲಿಗೆ ಬೇಕಾದ್ರೆ ಬೀಳ್ತೀನಿ, ಸ್ಟಿಕರ್ ಮಾತ್ರ ಕೇಳ್ಬೇಡಿ."

"ಹಾಗಾದ್ರೆ ನಮ್ಮ ಮನೆ ಕಡೆ ತಲೆ ಹಾಕ್ಬೇಡಿ."

ತನ್ನ ತಪ್ಪನ್ನು ಆಕೆ ತಾನೇ ರಿಜಿಸ್ಟರಿನಲ್ಲಿ ಬರೆದಿಟ್ಟಳು. ಆ ಭಾನುವಾರ ನಮ್ಮ ಮನೆಗೆ ಊಟಕ್ಕೆ ಕರೆದೆ. ಬಂದಳು, ತಟ್ಟೆಯಲ್ಲಿ ಬೆರಳಾಡಿಸಿದಳು, ಅತ್ತಳು. ಅವಳನ್ನು ನೋಡಿ ನನಗೆ ಅಬ್ದೋನನ ಮೇಲೆ ಕೆಟ್ಟ ಸಿಟ್ಟು ಬಂತು.

ಒಂಬತ್ತನೆಯ ದಿನ. ನೆಲಿಡಾ ಬೆಳಗಿನ ಸೊನ್ನೆಗೆ ಕೂತಿದ್ದಳು. ನಾನು ಹೊರಗೆ ನೋಡಿದರೆ, ಕೆಳಗಿನ ಏರಿನಲ್ಲಿ ಅಬ್ದೋನ್ ವ್ಯಾನಿಗೆ ಹೆಗಲು ಕೊಟ್ಟು ತಳ್ಳುತ್ತಿದ್ದಾನೆ. ಸ್ಟೀರಿಂಗ್ ಹಿಡಿದವಳು ಈಗ ಬೆಳೆದುನಿಂತ ಯಾದಿರಾ.

"ಏನ್ರೀ ಅಬ್ದೋನ್, ಮುದುಕಿ ಕೈಕೊಟ್ಟಳಾ?" ಎಂದು ಕಿಟಕಿಯಿಂದ ಚುಚ್ಚಿದೆ.

"ಇಲ್ಲ ಮಾರಾಯ, ರಿಪೇರಿ ಆಗಿದೆ, ಚೆನ್ನಾಗೇ ಓಡತ್ತೆ" ಎಂದು ಏದುಸಿರು ಬಿಟ್ಟ. "ಮೂಲೆಯಲ್ಲೇ ಆಫ್ ಮಾಡ್ದೆ. ಇದು ಕೊಮಾದ್ರೆ ಯಂತ್ರಕ್ಕೆ ಗಾಳಿ ಕುಡಿಸೋ ಹೊತ್ತಲ್ವಾ?"

ನನ್ನ ಹಿಂದೆ ಕುರ್ಚಿ ಸರಿದ ಸದ್ದಾಯಿತು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಸೊನ್ನೆಯನ್ನು ಅರ್ಧಕ್ಕೇ ಬಿಟ್ಟು ನೆಲಿಡಾ ಏರಿನ ಕೆಳಗೆ ಓಡಿದಳು, ಅವನ ಪಕ್ಕದಲ್ಲಿ ತಾನೂ ವ್ಯಾನಿಗೆ ಹೆಗಲು ಕೊಟ್ಟಳು.