ಉಪ್ಪಿಲ್ಲದ ಮಜ್ಜಿಗೆ

ಮಳೆಗಾಲದಲ್ಲಿ ಮಜ್ಜಿಗೆಗೆ ಇಷ್ಟು ಬೇಡಿಕೆ ಯಾಕೆ?

ಈ ಪ್ರಶ್ನೆ ನಮ್ಮ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ವಾರಕ್ಕೊಮ್ಮೆ ನಿಮಗೆಲ್ಲ ಬುದ್ಧಿ ಹೇಳುವ ನನಗೂ ಹೊಳೆಯಲಿಲ್ಲ. ದಿನಾ ಬೆಳಗಾದರೆ ಅಂಗಳದಲ್ಲಿ ತಂಬಿಗೆಗಳು ಸಾಲಾಗಿ ನಿಲ್ಲುತ್ತಿದ್ದವು. ನಾನು ಅವುಗಳನ್ನು ದಾಟಿಕೊಂಡು ಬಸ್ಸಿಗೆ ಓಡುತ್ತಿದ್ದೆ. (ದೀಪದ ಬುಡದಲ್ಲಿ ಕತ್ತಲು ಅಂತಾರಲ್ಲ, ಅದೇ.)

ನಮ್ಮದು ಇರಕಲ್ಲಗಡದಿಂದ ಆಚೆಗಿರುವ ಸಣ್ಣ ಊರು. ಓಣಿಯಲ್ಲಿ ಹಿಂಡುವ ಎಮ್ಮೆ ಇರುವುದು ನಮ್ಮ ಮನೆಯಲ್ಲಿ ಮಾತ್ರ. ಬೆಣ್ಣೆ ಸಂತೆಗೆ ಹೋಗುತ್ತದೆ. ಆದರೆ ಮಜ್ಜಿಗೆಯನ್ನು ಅವ್ವ ಮಾರುವುದಿಲ್ಲ. ಮಾರಿದರೆ ಎಮ್ಮೆ ಬತ್ತುತ್ತದೆ ಎಂದು ಅವಳ ನಂಬಿಕೆ. ಕೇಳಿದವರಿಗೆಲ್ಲ ಪುಕ್ಕಟೆ.

ಕಳೆದ ವಾರ ಆರೋಗ್ಯ ಇಲಾಖೆಯ ಇನ್ಸ್‌ಪೆಕ್ಟರ್ ಒಬ್ಬರು ಬಂದರು. ಪಕ್ಕದ ಊರಲ್ಲಿ ಒಬ್ಬ ಬಸುರಿ ಹೆಣ್ಣುಮಗಳು ಕಾಮಣಿಯಾಗಿ ತೀರಿಕೊಂಡಿದ್ದಳಂತೆ. (ಪುಸ್ತಕದಲ್ಲಿ ಕಾಮಾಲೆ. ನಮ್ಮ ಕಡೆ ಕಾಮಣಿ.) ಅದಕ್ಕೇ ಸುತ್ತಲಿನ ಊರುಗಳಲ್ಲಿ ಮನೆಮನೆಗೂ ವಿಚಾರಣೆ.

"ಮನಿಯಾಗ ಕಾಮಣಿ ಆದವ್ರು ಯಾರರ ಅದಾರೇನ್ರಿ?"

"ಇಲ್ರಿ."

ಇಡೀ ಓಣಿಯಲ್ಲಿ ಅದೇ ಉತ್ತರ. ನಮ್ಮ ಬಾಗಿಲಲ್ಲಿ ಅವ್ವನೂ "ಇಲ್ರಿ ಸಾಹೇಬ್ರ" ಅಂದಳು. ಈ 'ಇಲ್ಲ'ಗಳೆಲ್ಲ ಕೊಪ್ಪಳಕ್ಕೆ ಹೋಗುತ್ತವೆ, ಅಲ್ಲಿಂದ ರಾಯಚೂರಿನ ಜಿಲ್ಲಾ ಕಚೇರಿಗೆ. (ನಮ್ಮ ಕೊಪ್ಪಳ ಇನ್ನೂ ಬರೀ ತಾಲೂಕು.) ಅಲ್ಲಿ ಕೂತವರಿಗೆ ನಮ್ಮ ಕಡೆಯವರಷ್ಟು ಗಟ್ಟಿಮುಟ್ಟಾದ ಜನ ಇನ್ನೆಲ್ಲೂ ಇಲ್ಲ ಅನ್ನಿಸಿದರೆ ಅವರದೇನು ತಪ್ಪು?

ಇನ್ಸ್‌ಪೆಕ್ಟರಿಗೆ ತಿರುಗಿ ತಿರುಗಿ ಸಾಕಾಗಿತ್ತು. "ಅವ್ವಾರ, ಒಂದೀಟು ಮಜ್ಜಿಗಿ ಇದ್ರ ಕೊಡ್ರಿ" ಎಂದು ಕಟ್ಟೆಯ ಮೇಲೆ ಕೂತರು. ಅವ್ವ ಅರ್ಧ ಲೋಟ ತಂದುಕೊಟ್ಟಳು.

"ಸಿಟ್ಟಾಗಬ್ಯಾಡ್ರಿ. ಈಗ ಮಜ್ಜಿಗಿ ಸಾಲವಲ್ದು. ಮಂದಿ ಭಾಳ ಬರಾಕ ಹತ್ಯಾರ."

"ಮಳಿಗಾಲದಾಗ?"

"ಪಥ್ಯಕ್ರಿ. ಎಣ್ಣಿ ಇಲ್ಲ, ಖಾರ ಇಲ್ಲ. ಅನ್ನಕ್ಕ ಉಪ್ಪಿಲ್ಲದ ಮಜ್ಜಿಗಿ ಕಲಿಸಿ ಉಣ್ಣಬೇಕಲ್ರಿ, ಕಾಮಣಿ ಆದವ್ರು."

ಇನ್ಸ್‌ಪೆಕ್ಟರ್ ಲೋಟ ಕೆಳಗಿಟ್ಟರು.

"ಅಲ್ರಿ ಅವ್ವಾರ, ಈಗರ ಇಲ್ಲ ಅಂದ್ರಿ!"

"ನಮ್ಮ ಮನಿಯಾಗ ಇಲ್ಲ ಅಂದೆ. ಓಣಿ ಸುದ್ದಿ ನೀವು ಕೇಳಲಿಲ್ಲಲ್ಲ."

ಕೋರ್ಟಿನಲ್ಲಿ ವಕೀಲರೂ ಇಷ್ಟು ಸಲೀಸಾಗಿ ಜಾರಿಕೊಳ್ಳುವುದಿಲ್ಲ! ಉಳಿದವರು ಯಾಕೆ ಮುಚ್ಚಿಟ್ಟರು ಎಂದು ಕೇಳಿದ್ದಕ್ಕೂ ಅವಳ ಹತ್ತಿರ ಉತ್ತರವಿತ್ತು. "ನೀವು ಬಂದ್ರಂದ್ರ ಸೂಜಿ ಮಾಡ್ತೀರಿ. ಸೂಜಿ ಬಿದ್ರ ಕಾಮಣಿ ಏರತೈತಿ. ತಳಕಲ್ ಕಡೆ ಬೇರಿನ ಔಷಧ ಕೊಡೋರು ಅದಾರ, ಎಲ್ಲಾರೂ ಅಲ್ಲೇ ಹೋಗ್ಯಾರ."

"ಇದಕ್ಕ ಸೂಜೀನ ಇಲ್ರಿ ಅವ್ವಾರ. ನಾ ಬಂದದ್ದು ಯಾರಿಗೆ ಆಗೈತಿ, ಯಾಕ ಆಗೈತಿ ಅಂತ ತಿಳಕೊಳ್ಳಾಕ."

ಮಜ್ಜಿಗೆಗೆ ಬಂದವರಿಗೆ ಎಮ್ಮೆ ಕ್ರಯ ಯಾಕೆ ಎಂದು ಗಾದೆ. ಈ ಮನುಷ್ಯ ಎಮ್ಮೆಯ ಕ್ರಯವೊಂದನ್ನು ಬಿಟ್ಟು ಎಲ್ಲವನ್ನೂ ಕೇಳಿದರು. ಯಾರ ಮನೆಯವರು ಬರುತ್ತಾರೆ? ಮೊದಲು ಬಂದವರು ಯಾರು? ಅವರ ಮನೆ ಎಲ್ಲಿ? ಅವ್ವ ಹೇಳುತ್ತಾ ಹೋದಳು. ಎಲ್ಲ ಮನೆಗಳೂ ಓಣಿಯ ಕೊನೆಯ ನಳದ ಸುತ್ತಲಿನವು.

ಆಮೇಲೆ ಅವರು ಇನ್ನೊಂದು ಮಾತು ಕೇಳಿದರು. ಅದನ್ನು ಕೇಳದಿದ್ದರೆ ಈ ಅಂಕಣ ಇಲ್ಲಿಗೇ ನಗುನಗುತ್ತಾ ಮುಗಿಯುತ್ತಿತ್ತು.

"ಇರೋದು ಒಂದ ಎಮ್ಮಿ. ಇಷ್ಟು ಮಂದಿಗೆ ಹೆಂಗ ಸಾಲಿಸ್ತೀರಿ?"

"ನೀರು ಬೆರಸ್ತೀನಿ. ಇಲ್ಲ ಅಂತ ಕಳಸಾಕ ಮನಸ್ಸು ಬರಂಗಿಲ್ರಿ."

"ಯಾವ ನೀರು?"

"ಅದ ನಳದ್ದು."

ಆ ನಳ ಎಂಥದು ಎಂದು ಹೇಳಿಬಿಡುತ್ತೇನೆ. ಊರ ನೀರಿನ ಟ್ಯಾಂಕಿನಿಂದ ಬರುವ ನೀರು ನಮ್ಮ ಓಣಿಯ ಕೊನೆಗೆ ಬರುವಷ್ಟರಲ್ಲಿ ಸುಸ್ತಾಗಿ, ಮೇಲೇರುವುದಿಲ್ಲ. ಅದಕ್ಕೆ ಜನ ಪೈಪಿನ ಸುತ್ತ ತಗ್ಗು ತೋಡಿ, ಪೈಪನ್ನು ಕೆಳಗೇ ಕತ್ತರಿಸಿ, ತಗ್ಗಿನಲ್ಲಿ ಇಳಿದು ಕೊಡ ಹಿಡಿಯುತ್ತಾರೆ. ಪಕ್ಕದಲ್ಲೇ ಗಟಾರ. ಮಳೆ ಬಂದರೆ ಗಟಾರದ್ದೆಲ್ಲ ತಗ್ಗಿಗೆ. "ನೀರು ಬಿಟ್ಟಾಗ ಹೊರಗ ಬರತೈತಿ, ನಿಂತಾಗ ತಗ್ಗಿನ ಹೊಲಸು ಪೈಪಿನೊಳಗ ಹೋಗತೈತಿ. ಕಾಮಣಿ ಬರೋದು ಹಿಂಗ" ಎಂದರು ಇನ್ಸ್‌ಪೆಕ್ಟರ್.

ಅಂದರೆ ಏನಾಯಿತು? ಬೇನೆ ಬಂದ ಮನೆಗಳಿಗೆ ಪಥ್ಯದ ಹೆಸರಿನಲ್ಲಿ ಅದೇ ನೀರನ್ನು ಅವ್ವ ಪುಕ್ಕಟೆ ಹಂಚುತ್ತಿದ್ದಳು. ಬೇನೆ ಇದ್ದವರ ಲೋಟದಲ್ಲಿ ಉಳಿದದ್ದನ್ನು ಬೇನೆ ಇಲ್ಲದವರೂ ಕುಡಿದಿರಬೇಕು. ಮಜ್ಜಿಗೆ ಚೆಲ್ಲುವ ಮನೆ ನಮ್ಮ ಕಡೆ ಯಾವುದಿದೆ?

ಅವ್ವ ಒಳಗಿನ ಬಾಗಿಲ ಕಡೆ ನೋಡಿದಳು. ಅಲ್ಲಿ ನನ್ನ ತಂಗಿ ಶಾಂತಾ ನಿಂತಿದ್ದಳು, ಕೈಯಲ್ಲಿ ಮಜ್ಜಿಗೆಯ ಲೋಟ. ಚೊಚ್ಚಲ ಬಾಣಂತನಕ್ಕೆ ಕಾರಟಗಿಯ ಗಂಡನ ಮನೆಯಿಂದ ಬಂದವಳು. ಬಂದಾಗಿನಿಂದ ದಿನದ ಮೊದಲ ಲೋಟ ಅವಳಿಗೇ. ಹೊಟ್ಟೆ ತಣ್ಣಗಿರಲಿ ಎಂದು.

"ಯವ್ವಾ, ನನಗೇನೂ ಆಗಿಲ್ಲ" ಎಂದಳು ಶಾಂತಾ. ಅವ್ವ ಎದ್ದು ಹೋಗಿ ಲೋಟ ಕಸಿದುಕೊಂಡಳು.

ಬಸುರಿಯರಿಗೆ ಈ ಬೇನೆ ಯಾಕೆ ಇಷ್ಟು ಕಠಿಣ ಎಂದು ನಾನು ಇನ್ಸ್‌ಪೆಕ್ಟರನ್ನು ಪಕ್ಕಕ್ಕೆ ಕರೆದು ಕೇಳಿದೆ. ಅವರಿಗೂ ಪೂರ್ತಿ ಗೊತ್ತಿರಲಿಲ್ಲ. "ಈಗ ಆರಾಮ ಅದಾರ. ಆದ್ರ ಒಳಗ ಹೊಕ್ಕಿದ್ದು ಹೊರಗ ಕಾಣಾಕ ತಿಂಗಳಾನೂ ಆಗಬಹುದು. ಕಣ್ಣ ನೋಡಕೋತ ಇರ್ರಿ. ಹಳದಿ ಕಂಡ್ರ ತಡ ಮಾಡಬ್ಯಾಡ್ರಿ, ದೊಡ್ಡ ದವಾಖಾನಿಗೆ ಒಯ್ಯಿರಿ" ಎಂದರು.

ನನಗೆ ಹೆದರಿಕೆಯಾಗಿದೆ. ಪತ್ರಿಕೆಯಲ್ಲಿ ಇಂಥದ್ದನ್ನೆಲ್ಲ ಬರೆಯಬಾರದು ಎನ್ನುವವರು ಎನ್ನಲಿ.

ಅವ್ವ ಈಗ ನೀರು ಕುದಿಸುತ್ತಾಳೆ. ಎಮ್ಮೆಗೂ ಕುದಿಸಿದ ನೀರು ಕೊಡಬೇಕೇ ಎಂದು ಕೇಳಿದಳು, ನಗು ಬರಲಿಲ್ಲ. ಇನ್ಸ್‌ಪೆಕ್ಟರ್ ಮತ್ತೆ ಬಂದಿದ್ದರು. ಈ ಸಲ ಯಾರ ಮನೆಯಲ್ಲೂ ಕಾಮಣಿ ಇದೆಯೇ ಎಂದು ಕೇಳಲಿಲ್ಲ. ನೇರ ನಮ್ಮ ಕಟ್ಟೆಗೆ ಬಂದು, "ಉಪ್ಪಿಲ್ಲದ್ದು ಯಾರು ಯಾರು ಒಯ್ದ್ರು?" ಎಂದರು. ಬೇನೆಯ ಹೆಸರೆತ್ತಿದರೆ ಬಾಯಿ ಬಿಡದ ಜನ ಊಟದ ಮಾತು ತೆಗೆದರೆ ಎಲ್ಲ ಹೇಳುತ್ತಾರೆ. ಇದನ್ನು ರಾಯಚೂರಿನವರೂ ಕಲಿಯಬಹುದು.

ಇನ್ಸ್‌ಪೆಕ್ಟರ್ ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕಿಸಿದರು, ತಗ್ಗು ಮುಚ್ಚಿಸಿದರು. ತಗ್ಗು ಮುಚ್ಚಿದ ಮೇಲೆ ನೀರು ಏರಲಿಲ್ಲ. ಎರಡು ದಿನ ಕಾದ ಹೆಂಗಸರು ಮೂರನೆಯ ದಿನ ಮತ್ತೆ ತೋಡಿದರು. ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ, ಕೊಡ ಖಾಲಿ ಇತ್ತಲ್ಲ.

ಬೆಳಗಾದರೆ ಅವ್ವ ಶಾಂತಾಳನ್ನು ಅಂಗಳದ ಬಿಸಿಲಿಗೆ ಕರೆತಂದು, ರೆಪ್ಪೆ ಎತ್ತಿ ನೋಡುತ್ತಾಳೆ. ಬೆಳ್ಳಗೇ ಇದೆ ಅನ್ನುತ್ತಾಳೆ. ನಂಬಿಕೆ ಸಾಲದೆ ನನ್ನನ್ನೂ ಕರೆದು ತೋರಿಸುತ್ತಾಳೆ.

ನಮ್ಮ ಹುಡುಗಿಯ ಕಣ್ಣನ್ನು ನಾವು ನೋಡುತ್ತೇವೆ. ಆ ತಗ್ಗನ್ನು ಯಾರು ನೋಡಬೇಕು?