ಫೈರ್ ಸ್ಟೇಷನ್ನಿನಲ್ಲಿ ಹುಟ್ಟಿದವಳ ಊರು

ನನ್ನ ಮೊಮ್ಮಗಳು ಹುಟ್ಟಿದ್ದು ಫೈರ್ ಸ್ಟೇಷನ್ನಿನಲ್ಲಿ. ಹೆರಿಗೆ ಮಾಡಿಸಿದ್ದು ದನದ ಡಾಕ್ಟರು.

ನಗಬೇಡಿ. ಅಥವಾ ನಗಿ. ನಾನಂತೂ ಅವತ್ತಿನಿಂದ ತೆರೆದ ಬಾಯಿ ಮುಚ್ಚಿಲ್ಲ.

ಆದದ್ದು ಇಷ್ಟು. ಡಲ್ಲಾಸ್ ಪಕ್ಕದ ಅಲೆನ್‌ನಲ್ಲಿರುವ ನನ್ನ ಮಗಳು ರೂಪಾಳ ಸೀಮಂತವನ್ನು ಹ್ಯೂಸ್ಟನ್ನಿನ ಕ್ಲಿಯರ್ ಲೇಕ್‌ನಲ್ಲಿ, ಅವಳ ನಾದಿನಿಯ ಮನೆಯಲ್ಲಿ ಇಟ್ಟುಕೊಂಡಿದ್ದರು. ಅಳಿಯ ಕಿರಣ್ ಡ್ರೈವ್ ಮಾಡುತ್ತಿದ್ದ; ಬಾಣಂತನಕ್ಕೆಂದು ಊರಿನಿಂದ ಬಂದಿದ್ದ ನಾನೂ ನನ್ನ ಹೆಂಡತಿಯೂ ಜೊತೆಗಿದ್ದೆವು. ಅರ್ಧ ದಾರಿಗೆ ನೋವು ಶುರುವಾಯಿತು. ತನ್ನ ಸೀಮಂತಕ್ಕೆ ತಾನೇ ಖುದ್ದಾಗಿ ಹಾಜರಾಗಬೇಕೆಂದು ಕೂಸಿಗೆ ಆಸೆ. ಹೈವೇ ಇಳಿದು, ಸಿಕ್ಕ ಮೊದಲ ಊರಿಗೆ ಕಾರು ನುಗ್ಗಿಸಿದೆವು. ಇಡೀ ಊರಿನಲ್ಲಿ ಬಾಗಿಲು ತೆರೆದಿದ್ದದ್ದು ಫೈರ್ ಸ್ಟೇಷನ್ ಒಂದೇ. ಒಳಗಿದ್ದ ಹೆಂಗಸು ದನದ ಡಾಕ್ಟರು, ಬಿಡುವಿದ್ದಾಗ ಬೆಂಕಿ ಆರಿಸುವ ಸೇವೆ. ಆಂಬುಲೆನ್ಸ್ ಬರುವ ಹೊತ್ತಿಗೆ ನನ್ನ ಮೊಮ್ಮಗಳು ಟವೆಲ್ಲಿನಲ್ಲಿ ಮಲಗಿ ಆಕಳಿಸುತ್ತಿದ್ದಳು. ಎಂಥ ಆಕಳಿಕೆ ಅಂತೀರಿ. ರಾಣಿಯರು ಹಾಗೆ ಆಕಳಿಸಬೇಕು.

(ಊರಿನ ಹೆಸರು ಮಾತ್ರ ಬರೆಯುವುದಿಲ್ಲ. ನೀವೆಲ್ಲ ನೋಡಲು ಹೋದರೆ ಅಲ್ಲಿನ ಜನಸಂಖ್ಯೆ ಡಬಲ್ ಆಗಿಬಿಡುತ್ತದೆ.)

ತಕರಾರು ಬಂದದ್ದು ಆಮೇಲೆ. ಮಗು ಎಲ್ಲಿ ಹುಟ್ಟಿತು ಎಂದು ಯಾರೇ ಕೇಳಲಿ, ಕಿರಣ್ ‘ಡಲ್ಲಾಸ್’ ಎಂದುಬಿಡುತ್ತಾನೆ. ಇದು ತುಮಕೂರಿನಲ್ಲಿ ಹುಟ್ಟಿದವನನ್ನು ಬೆಂಗಳೂರಿನವನು ಅಂದ ಹಾಗೆ. (ತುಮಕೂರಿನ ಕೆಲವರು ತಾವೇ ಹಾಗೆ ಹೇಳಿಕೊಳ್ಳುತ್ತಾರೆ, ಅದು ಬೇರೆ ಮಾತು.) ನಾನು ಓದಿದ್ದು ಏಳನೇ ಕ್ಲಾಸು. ಆದರೆ ಬಸ್ ಕಂಡಕ್ಟರಾಗಿ ಜೀವಮಾನವಿಡೀ ಜನರನ್ನು ಕೇಳಿದ್ದು ಒಂದೇ ಪ್ರಶ್ನೆ. ಯಾವೂರು? ಆ ಪ್ರಶ್ನೆಗೆ ನನ್ನ ಮೊಮ್ಮಗಳು ಸುಳ್ಳು ಹೇಳಿಕೊಂಡು ಬೆಳೆಯಬೇಕೇ?

ಹಟ ಹಿಡಿದೆ. ಬಾಣಂತನ ಮುಗಿದ ಮೇಲೆ ಒಂದು ಭಾನುವಾರ, ನನ್ನ ಹೆಂಡತಿ ಕಟ್ಟಿದ ರವೆ ಉಂಡೆಯ ಡಬ್ಬಿ ಹಿಡಿದು ಆ ಊರಿಗೆ ಥ್ಯಾಂಕ್ಸ್ ಹೇಳಲು ಹೋದೆವು.

ಊರಿನ ಬಾಗಿಲಲ್ಲೇ ಹಸಿರು ಬೋರ್ಡು. ಹೆಸರು, ಕೆಳಗೆ ಜನಸಂಖ್ಯೆ. ಮದುವೆ ಸೀಸನ್ನಿನಲ್ಲಿ ನಾನು ಅದಕ್ಕಿಂತ ಹೆಚ್ಚು ಜನರನ್ನು ಒಂದು ಬಸ್ಸಿಗೆ ತುಂಬಿದ್ದೇನೆ. ಸುತ್ತಲೂ ದೋಸೆ ಕಾವಲಿಯಂತೆ ಚಪ್ಪಟೆ ನೆಲ. ಕಾಲಿನ ಮೇಲೆ ನಿಂತ ನೀರಿನ ಟ್ಯಾಂಕು, ಎದುರುಬದುರಾಗಿ ಎರಡು ಚರ್ಚು. (ಇಷ್ಟು ಜನಕ್ಕೂ ಎರಡು ಪಾರ್ಟಿ ಬೇಕಲ್ಲ.)

ದನದ ಡಾಕ್ಟರಮ್ಮನ ತಂದೆ ವೆಸ್ಲಿ ನನಗಿಂತ ಹಿರಿಯರು. ಮಗುವನ್ನು ಎತ್ತಿಕೊಂಡು ಊರೆಲ್ಲ ತೋರಿಸಿದರು. ಅವರ ಇಂಗ್ಲಿಷನ್ನು ರೂಪಾ ನನಗೆ ಕನ್ನಡ ಮಾಡುತ್ತಿದ್ದಳು. ಇಲ್ಲಿ ರೈಲು ನಿಲ್ಲುತ್ತಿತ್ತಂತೆ, ಅದಕ್ಕೇ ಊರು ಹುಟ್ಟಿತಂತೆ. ಹತ್ತಿ ಮಿಲ್ಲು, ಸ್ಕೂಲು, ಬ್ಯಾಂಡ್ ಸೆಟ್ಟು ಎಲ್ಲ ಇತ್ತಂತೆ. ಆಮೇಲೆ ರೈಲು ನಿಲ್ಲುವುದನ್ನು ಬಿಟ್ಟಿತು, ಹೈವೇ ದೂರದಿಂದಲೇ ಹಾದುಹೋಯಿತು. ಸ್ಟಾಪ್ ತೆಗೆದ ಊರು ಹೇಗೆ ಸೊರಗುತ್ತದೆ ಎಂದು ಕಂಡಕ್ಟರಿಗೆ ಪಾಠ ಹೇಳಬೇಕೇ? ಅರ್ಧ ಕಥೆ ಕನ್ನಡವಾಗುವ ಮೊದಲೇ ನನಗೆ ತಿಳಿದಿತ್ತು.

ಸಮಯ ನೋಡಿ ರೂಪಾಳಿಂದ ಕೇಳಿಸಿದೆ: ಬೋರ್ಡಿನ ಜನಸಂಖ್ಯೆಗೆ ಒಂದು ಸೇರಿಸಬಹುದಾ?

ವೆಸ್ಲಿ ನಕ್ಕರು. ಬೋರ್ಡು ಸರ್ಕಾರದ್ದು, ಜನಗಣತಿಯಾಗದೆ ಬದಲಾಗುವುದಿಲ್ಲ, ಮಗು ಇರುವುದೂ ಈ ಊರಿನಲ್ಲಲ್ಲ ಅಂದರು. ಕಿರಣ್ ‘ನಾನು ಹೇಳಲಿಲ್ವಾ ಮಾವ’ ಎಂಬಂತೆ ನನ್ನನ್ನು ನೋಡಿದ. ಕಂಕುಳ ಕೂಸಿಗೆ ನಮ್ಮ ಬಸ್ಸಿನಲ್ಲೂ ಟಿಕೆಟ್ ಇಲ್ಲ. ಹಾಗಂತ ಅದು ಪ್ರಯಾಣವನ್ನೇ ಮಾಡಲಿಲ್ಲ ಅನ್ನುತ್ತೀರಾ?

ಅಷ್ಟರಲ್ಲಿ ವೆಸ್ಲಿ ಗಂಭೀರವಾಗಿ ಇನ್ನೇನೋ ಹೇಳಿದರು. ರೂಪಾ ಕನ್ನಡ ಮಾಡಲಿಲ್ಲ.

“ಏನಂತಮ್ಮಾ?” ಅಂದೆ.

“ಅಪ್ಪ... ಈ ಊರಲ್ಲಿ ಹುಟ್ಟಿದೋರಿಗೆ ಇಲ್ಲಿನ ಸ್ಮಶಾನದಲ್ಲಿ ಒಂದು ಜಾಗ ಫ್ರೀ ಅಂತೆ. ಇವಳಿಗೂ ಇಡ್ತಾರಂತೆ.”

ಕಿರಣ್ ಮುಖ ಸುಟ್ಟ ಹಪ್ಪಳವಾಯಿತು. ಹಸುಗೂಸನ್ನು ಎತ್ತಿಕೊಂಡು ಆಡುವ ಮಾತೇ ಇದು, ನಮ್ಮಲ್ಲಿ ಸುಡುವುದಲ್ಲವೇ, ನಯವಾಗಿ ಬೇಡವೆಂದು ಹೊರಡೋಣ ಎಂದು ಕನ್ನಡದಲ್ಲೇ ಗೊಣಗಿದ. ನಾನು ಕೇಳಿದ್ದು ಒಂದೇ ಮಾತು.

“ಕಾರ್ನರ್ ಸೈಟಾ ಅಂತ ಕೇಳಮ್ಮ.”

ರೂಪಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ವೆಸ್ಲಿಗೆ ಹೇಳಿದಾಗ ಅವರೂ ನಕ್ಕರು. ಕಾರ್ನರ್ರೇ ಇದೆ ಬನ್ನಿ ಎಂದು ಕರೆದುಕೊಂಡು ಹೋದರು.

ತಂತಿ ಬೇಲಿ, ಆಚೆ ಹಸುಗಳು, ಈಚೆ ಕಲ್ಲುಗಳು. ಈ ಊರಿನಲ್ಲಿ ಓಡಾಡುವವರಿಗಿಂತ ಮಲಗಿರುವವರೇ ಹೆಚ್ಚು. ವೆಸ್ಲಿಯ ಹೆಂಡತಿಯ ಕಲ್ಲಿನ ಪಕ್ಕದಲ್ಲೇ ವೆಸ್ಲಿಯ ಕಲ್ಲೂ ರೆಡಿ ಇತ್ತು. ಹುಟ್ಟಿದ ವರ್ಷ ಕೆತ್ತಿ, ಮುಂದಿನದನ್ನು ಖಾಲಿ ಬಿಟ್ಟಿದ್ದರು. (ಮನುಷ್ಯನಿಗೆ ಅವಸರವಿಲ್ಲ.) ಈ ಮಗುವಿಗೆ ಮುಂಚೆ ಇಲ್ಲಿ ಕೊನೆಯದಾಗಿ ಹುಟ್ಟಿದ್ದು ತನ್ನ ಮಗಳೇ ಅಂದರು. ಆಮೇಲೆ ಎಲ್ಲರ ಹೆರಿಗೆಯೂ ಸಿಟಿ ಆಸ್ಪತ್ರೆಯಲ್ಲಿ. ಇಷ್ಟು ವರ್ಷ ಊರಿನಿಂದ ಕಳಿಸಿಕೊಡುವುದೇ ಆಯಿತು, ಬಂದವರಿಗೆ ಜಾಗ ತೋರಿಸುವ ಭಾಗ್ಯ ಮರೆತೇಹೋಗಿತ್ತು ಅಂದರಂತೆ. ಮಗು ಅವರ ತೋಳಿನಲ್ಲಿ ಗಡದ್ದಾಗಿ ನಿದ್ದೆ ಹೊಡೆಯುತ್ತಿತ್ತು.

ಕಿರಣ್ ಬಾಯಿ ತೆರೆಯುವ ಮೊದಲೇ ರೂಪಾ ವೆಸ್ಲಿಗೆ ಯೆಸ್ ಎಂದಳು. ಆಮೇಲೆ ಗಂಡನ ಕಡೆ ತಿರುಗಿದಳು.

“ಇನ್ಮೇಲೆ ಯಾರಾದ್ರೂ ಕೇಳಿದ್ರೆ ಡಲ್ಲಾಸ್ ಅನ್ಬೇಡ ಕಿರಣ್. ಹೆತ್ತೋಳು ನಾನು. ಎಲ್ಲಿ ಹೆತ್ತೆ ಅಂತ ನಂಗೊತ್ತು.”

ಅವನು ತಲೆ ತಗ್ಗಿಸಿ ಒಂದು ರವೆ ಉಂಡೆ ಬಾಯಿಗೆ ಹಾಕಿಕೊಂಡ. ನಾನು ಅದನ್ನು ಒಪ್ಪಿಗೆ ಎಂದು ತಿಳಿದೆ.

ತಿಳಿದದ್ದು ಸರಿಯಾಗಿಯೇ ಇತ್ತು. ಮೊನ್ನೆ ಮೈಸೂರಿನಲ್ಲಿರುವ ತನ್ನ ತಾಯಿಗೆ ಫೋನ್ ಮಾಡಿ, ಆ ಊರಿನ ಹೆಸರನ್ನು ಅಕ್ಷರ ಬಿಡದೆ ಹೇಳಿ, ಅಲ್ಲಿ ನಿಮ್ಮ ಮೊಮ್ಮಗಳಿಗೆ ಒಂದು ಜಾಗವೂ ಇದೆ ಎಂದು ಹೆಮ್ಮೆಯಿಂದ ಬೀಗಿದ. ಎಂಥ ಜಾಗ ಅನ್ನುವುದನ್ನು ಮಾತ್ರ ನುಂಗಿಕೊಂಡ. ಈಗ ಬೀಗಿತ್ತಿ ದಿನಾ ನನಗೆ ಫೋನ್ ಮಾಡಿ, ಸೈಟು ಥರ್ಟಿ-ಫಾರ್ಟಿನಾ, ಮನೆ ಯಾವಾಗ ಕಟ್ಟಿಸ್ತೀರಿ ಎಂದು ಕೇಳುತ್ತಿದ್ದಾರೆ.

ಏನು ಹೇಳಲಿ?