ತೂತುಗೂಡಿನ ಇಂಗಾಲ, ಶಂಕರಮ್ಮನ ಮೈಸೂರು

ಆರ್ಗ್ಯಾನಿಕ್ ಕೆಮಿಸ್ಟ್ರಿಯಲ್ಲಿ ಆ ಮಕ್ಕಳು ನನ್ನನ್ನೇ ಏನಾದರೂ ಕೇಳಿಬಿಟ್ಟರೆ? ಶಂಕರಮ್ಮನ ಮುಂಜಾನೆಯ ಪಾಠದ ಬಗ್ಗೆ ಪತ್ರಿಕೆಗೆ ಬರೆಯಲೆಂದು ಕೊಳ್ಳೇಗಾಲದಿಂದ ಕಾಮಗೆರೆಗೆ ಹೋಗುವ ಬಸ್ಸು ಹತ್ತಿದ ನನಗಿರುವುದು ಇದೊಂದೇ ಚಿಂತೆ. ಬಿ.ಎಸ್ಸಿ. ಮುಗಿಸಿದವಳು ನಾನು. ಓದಿದ್ದೆಲ್ಲ ಮರೆತುಹೋಗಿದೆ ಎಂದು ಡೈರಿಗಷ್ಟೇ ಹೇಳಿಕೊಂಡಿದ್ದೇನೆ. ಯಾರ ಕಣ್ಣಿಗೂ ಬೀಳದಂತೆ ಮೂಲೆಯಲ್ಲಿ ಕೂರಬೇಕು, ಅಷ್ಟೆ.

ಕೂರಲು ಮೂಲೆಯೇನೋ ಸಿಗುತ್ತದೆ. ಅದು ರೇಷ್ಮೆ ನೂಲು ತೆಗೆಯುವ ಶೆಡ್ಡು. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ, ಒಲೆ ಹಚ್ಚಲು ಹೊತ್ತಿದೆ. ಸಿಮೆಂಟು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತ ಶಂಕರಮ್ಮ ಮೊರದಲ್ಲಿರುವ ರೇಷ್ಮೆ ಗೂಡುಗಳನ್ನು ಬಣ್ಣಕ್ಕೆ ತಕ್ಕಂತೆ ಬೇರ್ಪಡಿಸುತ್ತಿದ್ದಾರೆ. ಚಿಟ್ಟೆ ಹೊರಬಂದು ತೂತಾದ ಗೂಡುಗಳಿವು, ನೂಲಿಗೆ ಬಾರವು. ದೀಪದ ಮಸಿ ಬಳಿದದ್ದು ಇಂಗಾಲ, ಕುಂಕುಮ ಬಳಿದದ್ದು ಆಮ್ಲಜನಕ, ಏನೂ ಬಳಿಯದ ಬಿಳಿಯದು ಜಲಜನಕ. ಒಂದಕ್ಕೊಂದು ಜೋಡಿಸುವ ಬಾಂಡಿಗೆ ಪೊರಕೆಕಡ್ಡಿ.

ಲೊಕ್ಕನಹಳ್ಳಿ, ಹನೂರು ಕಡೆಯ ಮೊದಲ ಬಸ್ಸಿನಿಂದ ಇಳಿದ ಪಿಯುಸಿ ಮಕ್ಕಳು ಚಪ್ಪಲಿ ಬಿಟ್ಟು ಒಳಬರುತ್ತಾರೆ. ಒಬ್ಬಳು ಮೂಗು ಮುಚ್ಚಿಕೊಳ್ಳುತ್ತಾಳೆ.

"ಹುಳದ ವಾಸ್ನೆ ಕಣವ್ವ, ಓಡೋಗಲ್ಲ. ಕೆಮಿಸ್ಟ್ರೀಲಿ ಅದುಕ್ಕೂ ಒಂದು ಎಸ್ರು ಅದೆ, ಅಮೀನು. ಮುಂದಿನ ಪಾಠ ಈಗ್ಲೇ ಮೂಗಿಗೆ ಬಂತು ಅನ್ಕೋ," ಎನ್ನುತ್ತಾರೆ ಶಂಕರಮ್ಮ.

ಇವತ್ತಿನ ಕೆಲಸಕ್ಕೆ ಎರಡು ಕಪ್ಪು, ಆರು ಬಿಳಿ, ಒಂದು ಕೆಂಪು. ಮೊದಲು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆಯಬೇಕು, ಆಮೇಲೆ ಗೂಡು ಮುಟ್ಟಬೇಕು. ಲೊಕ್ಕನಹಳ್ಳಿಯ ಕುಸುಮ ಚಕಚಕನೆ ಚುಕ್ಕಿ ಇಟ್ಟು, ಅಕ್ಕಪಕ್ಕದ ಚುಕ್ಕಿಗಳನ್ನೆಲ್ಲ ಗೆರೆಯಿಂದ ಸೇರಿಸಿಬಿಡುತ್ತಾಳೆ. ನೋಡಲು ಚೆಂದವಾಗಿದೆ. ಆದರೆ ಒಂದು ಇಂಗಾಲದಿಂದ ಐದು ಗೆರೆ ಹೊರಟಿವೆ.

"ಇದು ನಿಮ್ಮನೆ ಮುಂದ್ಲ ರಂಗೋಲಿ ಕಣವ್ವ. ರಂಗೋಲೀಲಿ ಒಂದು ಚುಕ್ಕಿಗೆ ಎಷ್ಟು ಗೆರೆ ಬೇಕಾದ್ರೂ ಎಳಿ, ಯಾರು ಕೇಳಾರು? ಇಂಗಾಲಕ್ಕೆ ನಾಕೇ ಕೈ. ಐದ್ನೇದ ಎಲ್ಲಿಂದ ತಂದೆ?"

ಹುಡುಗಿಯರು ನಗುತ್ತಾರೆ. ಬೆಳಗ್ಗೆ ಬಾಗಿಲಿಗೆ ಚುಕ್ಕಿ ಇಟ್ಟು ಬರುವ ಹುಡುಗಿಯರೆಲ್ಲ ಮೊದಮೊದಲು ಹೀಗೇ ಎಡವುತ್ತಾರಂತೆ. ಕುಸುಮ ಒಂದು ಗೆರೆ ಅಳಿಸಿ, ಕಡ್ಡಿ ಚುಚ್ಚಲು ಕೂರುತ್ತಾಳೆ. ಕೆಂಪು ಗೂಡು ತುದಿಯ ಕಡೆ ಬಂದರೆ ಆಲ್ಕೋಹಾಲು, ಎರಡು ಕಪ್ಪಿನ ನಡುವೆ ಕೂತರೆ ಈಥರ್. ಗೂಡು ಅವೇ, ಕಡ್ಡಿಯೂ ಅಷ್ಟೇ.

"ಮೊದ್ಲನೇದು ನಮ್ ಬೀದೀಲಿ ಎಲ್ಲಾರ್ಗೂ ಗೊತ್ತು ಮಿಸ್," ಎನ್ನುತ್ತಾನೆ ಹನೂರಿನ ಚನ್ನಬಸವ.

"ಕುಡಿಯಕ್ಕೆ ಗೊತ್ತು ಕಣ್ಲಾ. ಬರಿಯಕ್ಕೆ ಗೊತ್ತಾ? ಬರಿ ನೋಡವ."

ಕೊಳ್ಳೇಗಾಲದ ಒಂದು ಖಾಸಗಿ ಪಿಯು ಕಾಲೇಜಿನಲ್ಲಿ ಶಂಕರಮ್ಮ ಪ್ರಯೋಗಾಲಯ ಸಹಾಯಕಿ. ಹಗಲೆಲ್ಲ ಪ್ರನಾಳ ತೊಳೆಯುವುದು, ದ್ರಾವಣ ಕಲಸಿಡುವುದು, ಪಾಠ ಮಾಡುವವರು ಕೇಳಿದ್ದನ್ನು ಕೈಗೆ ಕೊಡುವುದು. ಎಂ.ಎಸ್ಸಿ. ಇಲ್ಲದವರು ಅಲ್ಲಿ ಪಾಠ ಮಾಡುವಂತಿಲ್ಲ. "ಆರ್ಗ್ಯಾನಿಕ್ ಬಿಟ್ಬುಡವ ಕಣ್ಲಾ, ಬಾಕಿದ್ರಲ್ಲಿ ಪಾಸಾಗವ" ಎಂದು ಮಕ್ಕಳು ಮಾತಾಡಿಕೊಳ್ಳುವುದನ್ನು ಬೇಸಿನ್ ಹತ್ತಿರ ನಿಂತು ಕೇಳಿಸಿಕೊಂಡವರು, ಈ ಮುಂಜಾನೆಯ ಪಾಠ ಶುರು ಮಾಡಿದರು. "ಅದ ಬಿಟ್ರೆ ಮುಂದ್ಕೆ ಸೈನ್ಸೇ ಬಿಟ್ಟಂಗೆ. ನಾ ಬಿಟ್ಟಿದ್ದೇ ಸಾಕು," ಎನ್ನುತ್ತಾರೆ.

ಇಪ್ಪತ್ತೆರಡನೇ ವಯಸ್ಸಿನಲ್ಲಿ ಅವರಿಗೆ ಮೈಸೂರಲ್ಲಿ ಎಂ.ಎಸ್ಸಿ. ಸೀಟು ಸಿಕ್ಕಿತ್ತು. ಅದೇ ವಾರ ಮದುವೆ ಗೊತ್ತಾಯಿತು. ಈಗ ನಲವತ್ತರ ಹತ್ತಿರ, ಯಾರಿಗೂ ಹೇಳದೆ ಪರೀಕ್ಷೆ ಬರೆದಿದ್ದಾರೆ. ಮತ್ತೆ ಸೀಟು ಸಿಕ್ಕಿದೆ. ಸೋಮವಾರ ಹೋಗಿ ಸೇರದಿದ್ದರೆ ಅದು ಇನ್ನೊಬ್ಬರಿಗೆ. ಸೇರಿದರೆ ಎರಡು ವರ್ಷ ಅಲ್ಲೇ ಹಾಸ್ಟೆಲು, ಇಲ್ಲಿ ಈ ಪಾಠ ನಿಲ್ಲುತ್ತದೆ.

ಶೆಡ್ಡಿನ ಯಜಮಾನ ಗುರುಪಾದಸ್ವಾಮಿ ಸೌದೆ ತಂದು ಒಲೆ ಮುಂದೆ ಹಾಕುತ್ತಾರೆ. "ಒಲೆ ಹಚ್ಚನಾ ಅಂತ ಬಂದ್ರೆ, ತಡೀರಿ ಸ್ವಾಮಿ, ಒಂದು ಬಾಂಡು ಬಾಕಿ ಅದೆ ಅಂತದೆ ಈವಮ್ಮ. ಆ ಬಾಂಡು ಮುಗಿಯದೇ ಇಲ್ಲ ನೋಡಿ," ಎಂದು ನನ್ನ ಕಡೆ ತಿರುಗಿ ನಗುತ್ತಾರೆ. ಆಮೇಲೆ ದನಿ ತಗ್ಗಿಸುತ್ತಾರೆ: "ಈ ವಯಸ್ಸಲ್ಲಿ ಓದಕ್ಕಂತ ಮೈಸೂರ್ಗೆ ಓದ್ರೆ, ಈ ಐಕ್ಳು ಏನ್ ಮಾಡವು? ಬರೀರಿ ನೀವು. ಇಂತೋರು ಊರಲ್ಲಿರ್ಬೇಕು ಅಂತ ಬರೀರಿ."

ಕೊಳ್ಳೇಗಾಲದ ಬಸ್ಸಿನ ಹಾರನ್ನು ಕೇಳಿದ್ದೇ ಮಕ್ಕಳು ಎದ್ದು ಓಡುತ್ತಾರೆ. ಕುಸುಮ ಮಾತ್ರ ಬಾಗಿಲಲ್ಲಿ ನಿಲ್ಲುತ್ತಾಳೆ. "ಸೋಮವಾರ ಬತ್ತೀರಾ ಮಿಸ್?"

"ಮೊದ್ಲು ಬಸ್ಸು ಇಡ್ಕೊ, ಓಗು."

ಶಂಕರಮ್ಮ ಹೊರಡುವುದು ಅದರ ನಂತರದ ಬಸ್ಸಿಗೆ. ಗೂಡುಗಳಿಂದ ಕಡ್ಡಿ ಬಿಡಿಸುತ್ತಾ ಅವರು ತಾವಾಗಿಯೇ ಮಾತಿಗಿಳಿಯುತ್ತಾರೆ. "ಯಜಮಾನ್ರು ನಿನ್ನಿಷ್ಟ ಅಂದ್ರು. ಅತ್ತೆನೂವೆ ನಿನ್ನಿಷ್ಟ ಕಣವ್ವ ಅಂದ್ರು. ಬ್ಯಾಡ ಅಂತ ಯಾರೂ ಅನ್ನಿಲ್ಲ."

ಮತ್ತೊಂದು ಕಡ್ಡಿ ಎಳೆದು ಮೊರಕ್ಕೆ ಹಾಕುತ್ತಾರೆ. ಏನಾದರೂ ಕೇಳಬೇಕಲ್ಲ ಎಂದು, ನಿಮ್ಮ ಆಸೆ ಏನು ಎಂದು ಕೇಳುತ್ತೇನೆ. ನನ್ನ ದನಿ ನನಗೇ ಕೇಳಿಸುವುದಿಲ್ಲ. ಅವರಿಗೆ ಕೇಳಿಸುತ್ತದೆ.

"ಲ್ಯಾಬಲ್ಲಿ ಒಂದು ಮೇಜು. ನನ್ನ ಎಸ್ರಲ್ಲಿ. ಅದ್ರ ಮ್ಯಾಲೆ ನಾನೇ ಏನೋ ಕಾಯಿಸ್ತಾ ಇರಬೇಕು, ಏನಾಯ್ತದೆ ಅಂತ ನಾನೇ ಕಾಯ್ತಾ ಇರಬೇಕು. ಬೇರೇರು ಮಾಡಿಟ್ಟೋದ್ದನ್ನ ತೊಳ್ದೂ ತೊಳ್ದೂ..." ಮಸಿಯಾದ ಕೈಯನ್ನು ಸೆರಗಿಗೆ ಒರೆಸಿಕೊಂಡು ನಗುತ್ತಾರೆ. "ಅದೆಲ್ಲಾ ಬರೀಬ್ಯಾಡಿ. ಐಕ್ಳಿಗೋಸ್ಕರ ಇಲ್ಲೇ ಉಳ್ಕಂಡ್ರು ಅಂತ ಬರೀರಿ. ಓದೋರ್ಗೂ ಚೆಂದ."

ನಿಜವಾಗಿಯೂ ಚೆಂದವೇ. ಇಂಥ ಲೇಖನಗಳು ಹಾಗೆಯೇ ಮುಗಿಯುತ್ತವೆ. ಆ ಸಾಲು ನನ್ನ ಮನಸ್ಸಿನಲ್ಲೂ ಆಗಲೇ ತಯಾರಾಗಿತ್ತು, ಹೊಗಳಿಕೆಯ ವಿಶೇಷಣಗಳ ಸಮೇತ. ಅದು ಅಚ್ಚಾಗಿ, ಕತ್ತರಿಸಿ, ಯಾರದೋ ಗೋಡೆಗೆ ಅಂಟಿಕೊಂಡು, ಶಂಕರಮ್ಮನನ್ನು ಇನ್ನೆಲ್ಲಿಗೂ ಹೋಗಲು ಬಿಡದೆ ನಿಲ್ಲಿಸಿಕೊಳ್ಳುವುದು ಕಣ್ಣಿಗೆ ಕಟ್ಟುತ್ತದೆ.

ಪೆನ್ನಿಗೆ ಮುಚ್ಚಳ ಹಾಕುತ್ತೇನೆ. ಒಲೆ ಊದುತ್ತಿದ್ದ ಗುರುಪಾದಸ್ವಾಮಿ ತಲೆಯೆತ್ತಿ ನೋಡುವಷ್ಟು ಗಟ್ಟಿಯಾಗಿ ಹೇಳುತ್ತೇನೆ:

"ನಾನು ಹಾಗೆ ಬರೆಯಲ್ಲ ಅಕ್ಕ. ನೀವು ಹೋಗ್ಬೇಕು."